ಹಳೆಯ ಟ್ರ್ಯಾಕ್ಟರ್ ಚಾಲೂ ಆಗದಿದ್ದಾಗ, ನಡುವೆ ನಿಂತಾಗ: ದೋಷ ಹುಡುಕುವ ಕ್ರಮ

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಎರೆಭೂಮಿಯಲ್ಲಿ ಬಿತ್ತನೆಯ ಹದ ಬಹಳ ದಿನ ನಿಲ್ಲುವುದಿಲ್ಲ. ಮಳೆಯಾದ ಮರುದಿನ ಹೊಲಕ್ಕೆ ಇಳಿದರೆ ಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ. ನಾಲ್ಕಾರು ದಿನ ಬಿಸಿಲು ಬಿದ್ದರೆ ಮೇಲ್ಪದರು ಒಣಗಿ ಹೆಂಟೆ ಏಳುತ್ತದೆ. ಈ ಎರಡರ ನಡುವಿನ ಕೆಲವೇ ದಿನಗಳಲ್ಲಿ ತೊಗರಿ, ಹತ್ತಿ, ಹೆಸರು ಬೀಜ ಮಣ್ಣಿಗೆ ಬೀಳಬೇಕು. ಅಂಥ ದಿನ ಟ್ರ್ಯಾಕ್ಟರ್ ಚಾಲೂ ಆಗದಿದ್ದರೆ ದುರಸ್ತಿಯ ಖರ್ಚಿನ ಜೊತೆಗೆ ಹದವೂ ಹೋಗುತ್ತದೆ. ಮುಂದಿನ ಮಳೆಯ ದಾರಿ ಕಾಯಬೇಕಾಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವವರ ಪಾಡೂ ಇದೇ. ಕಾಲುವೆಗೆ ನೀರು ಬಿಟ್ಟೊಡನೆ ಎಲ್ಲರಿಗೂ ಒಮ್ಮೆಲೇ ಗದ್ದೆ ಕೆಸರು ಮಾಡುವ ಕೆಲಸ ಬರುವುದರಿಂದ ಬಾಡಿಗೆ ಟ್ರ್ಯಾಕ್ಟರ್ ಸಿಗುವುದು ಕಷ್ಟ. ಆದುದರಿಂದ ಸಾಮಾನ್ಯ ದೋಷಗಳನ್ನು ರೈತರೇ ಗುರುತಿಸಲು ಕಲಿಯುವುದು ಬೇಸಾಯದ ಒಂದು ಭಾಗವೆಂದೇ ತಿಳಿಯಬೇಕು.

ಹಳ್ಳಿಗಳಲ್ಲಿ ಮಹೀಂದ್ರಾ ಬಿ-275, ಮ್ಯಾಸ್ಸಿ ಫರ್ಗ್ಯೂಸನ್ 1035, ಎಚ್.ಎಂ.ಟಿ. ಮೊದಲಾದ ಹಳೆಯ ಟ್ರ್ಯಾಕ್ಟರುಗಳು ಇನ್ನೂ ದುಡಿಯುತ್ತಿವೆ. 1971ರಲ್ಲಿ ಆರಂಭವಾದ ಎಚ್.ಎಂ.ಟಿ. ಟ್ರ್ಯಾಕ್ಟರ್ ತಯಾರಿಕೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು. ಇಂಥ ಯಂತ್ರಗಳ ಬಿಡಿಭಾಗಗಳನ್ನು ಸುಮ್ಮಸುಮ್ಮನೆ ಬದಲಿಸುವುದು ನಷ್ಟದ ಮಾತು. ಆದರೆ ಇವುಗಳಲ್ಲಿ ಕಂಪ್ಯೂಟರ್ ಇಲ್ಲ. ಪಾನಾ, ಕಣ್ಣು, ಕಿವಿ ಇಷ್ಟರಿಂದಲೇ ಹೆಚ್ಚಿನ ದೋಷಗಳನ್ನು ಕಂಡುಹಿಡಿಯಬಹುದು.

ಇಂಜಿನ್ನಿಗೆ ಬೇಕಾದುದು ನಾಲ್ಕು

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರು, ಹದಿನೇಳರಲ್ಲಿ ಒಂದು ಪಾಲಿಗೆ ಒತ್ತಿದಾಗ ಆ ಗಾಳಿ ಕಾಯುತ್ತದೆ. ಕಾದ ಗಾಳಿಗೆ ಡೀಸೆಲ್ ಮಂಜಿನಂತೆ ಸಿಡಿದು ತಾನೇ ಹೊತ್ತಿಕೊಳ್ಳುತ್ತದೆ. ಇದಕ್ಕೆ (1) ಸಾಕಷ್ಟು ವೇಗದ ತಿರುಗುವಿಕೆ, (2) ಶುದ್ಧ ಗಾಳಿ, (3) ಒಳ್ಳೆಯ ಒತ್ತಡ, (4) ಸರಿಯಾದ ಹೊತ್ತಿಗೆ ನೀರು-ಗಾಳಿ ಬೆರೆಯದ ಡೀಸೆಲ್ ಬೇಕು. ಈ ನಾಲ್ಕರಲ್ಲಿ ಯಾವುದು ತಪ್ಪಿದೆ ಎಂದು ಹುಡುಕುವುದೇ ದೋಷ ಪರೀಕ್ಷೆ. ಸುಲಭವಾದುದನ್ನು ಮೊದಲು ನೋಡಬೇಕು, ಪಂಪು ಬಿಚ್ಚುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ನಳ ತೆರೆದಿದೆಯೇ, ಇಂಜಿನ್ ನಿಲ್ಲಿಸುವ ಗುಂಡಿಯನ್ನು ಪೂರ್ತಿ ಒಳಗೆ ತಳ್ಳಲಾಗಿದೆಯೇ, ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಇವನ್ನು ಮೊದಲು ನೋಡಿರಿ. ಹಿಂದಿನ ಸಂಜೆ ಎಳೆದ ಗುಂಡಿ ಅಂಟಿಕೊಂಡು ಹಾಗೆಯೇ ಉಳಿಯುವುದುಂಟು.

ಸ್ಟಾರ್ಟರ್ ತಿರುಗದಿದ್ದರೆ

ಮುಂದಿನ ದೀಪ ಹಚ್ಚಿ ಸ್ಟಾರ್ಟರ್ ಒತ್ತಿರಿ.

ಅ) ದೀಪ ಹತ್ತುವುದೇ ಇಲ್ಲ: ಬ್ಯಾಟರಿ ಪೂರ್ತಿ ಇಳಿದಿದೆ ಅಥವಾ ತಂತಿಯ ಸಂಪರ್ಕ ತಪ್ಪಿದೆ.

ಆ) ಒತ್ತಿದೊಡನೆ ದೀಪ ಮಂಕಾಗುತ್ತದೆ, 'ಟಕ್' ಎಂಬ ಸದ್ದು ಮಾತ್ರ ಬರುತ್ತದೆ: ಬ್ಯಾಟರಿ ದುರ್ಬಲವಾಗಿದೆ, ಇಲ್ಲವೇ ಟರ್ಮಿನಲ್ ಕಿಲುಬು ಹಿಡಿದಿದೆ.

ಇ) ದೀಪ ಪ್ರಖರವಾಗಿಯೇ ಉರಿಯುತ್ತದೆ, ಸ್ಟಾರ್ಟರ್ ಸುಮ್ಮನಿರುತ್ತದೆ: ಸ್ವಿಚ್, ಸಾಲಿನಾಯ್ಡ್ ಅಥವಾ ಅವುಗಳ ತಂತಿ ನೋಡಬೇಕು.

ಬ್ಯಾಟರಿಯ ಟರ್ಮಿನಲ್‌ಗಳನ್ನು ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆದು, ಒರೆಸಿ, ಬಿಗಿದು, ವ್ಯಾಸಲಿನ್ ಸವರಬೇಕು. ಸೋಡಾ ನೀರು ಬ್ಯಾಟರಿಯೊಳಗೆ ಹೋಗಕೂಡದು. ತಂತಿ ಕಳಚುವಾಗ ಅರ್ಥ್ ತಂತಿಯನ್ನು ಮೊದಲು ತೆಗೆದು, ಜೋಡಿಸುವಾಗ ಅದನ್ನೇ ಕೊನೆಗೆ ಹಾಕಬೇಕು. ಅರ್ಥ್ ತಂತಿ ಚಾಸಿಗೆ ಸೇರುವ ಜಾಗದ ತುಕ್ಕನ್ನೂ ಕೆರೆಯಬೇಕು. ಬ್ಯಾಟರಿಯನ್ನೇ ಬದಲಿಸಿಯೂ ಈ ಜಾಗವನ್ನು ಮರೆಯುವವರಿದ್ದಾರೆ. 12 ವೋಲ್ಟ್ ಬ್ಯಾಟರಿ ಪೂರ್ತಿ ತುಂಬಿದ್ದರೆ ಮೀಟರಿನಲ್ಲಿ ಸುಮಾರು 12.6 ತೋರಿಸುತ್ತದೆ. 12.2ಕ್ಕೆ ಇಳಿದಿದ್ದರೆ ಅರ್ಧದಷ್ಟು ಖಾಲಿಯಾಗಿದೆ ಎಂದು ತಿಳಿಯಬೇಕು. ಸ್ಟಾರ್ಟರ್ ಒತ್ತಿದಾಗ 9.5ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಮತ್ತೊಮ್ಮೆ ಪರೀಕ್ಷಿಸಬೇಕು. ನಮ್ಮ ಭಾಗದ ಏಪ್ರಿಲ್-ಮೇ ಬಿಸಿಲಿಗೆ ಬ್ಯಾಟರಿಯ ನೀರು ಬೇಗ ಇಂಗುವುದರಿಂದ ವಾರಕ್ಕೊಮ್ಮೆ ನೋಡಿ, ಡಿಸ್ಟಿಲ್ಡ್ ನೀರನ್ನೇ ಹಾಕಬೇಕು. ಬೋರ್‌ವೆಲ್ ನೀರು ಹಾಕಕೂಡದು.

ಇಂಜಿನ್ ತಿರುಗಿಯೂ ಚಾಲೂ ಆಗದಿದ್ದರೆ

ಈಗ ಸೈಲೆನ್ಸರಿನ ಹೊಗೆಯನ್ನು ಗಮನಿಸಬೇಕು.

ಹೊಗೆಯೇ ಇಲ್ಲದಿದ್ದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ. ನಳ, ಫಿಲ್ಟರ್, ಫೀಡ್ ಪಂಪು, ಹಾದಿಯಲ್ಲಿ ಸೇರಿದ ಗಾಳಿ, ಇವನ್ನು ಇದೇ ಕ್ರಮದಲ್ಲಿ ನೋಡಬೇಕು.

ಬಿಳಿ ಹೊಗೆ ಬಂದು ಹಸಿ ಡೀಸೆಲ್ ವಾಸನೆ ಹೊಡೆದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಇಂಜಿನ್ ನಿಧಾನ ತಿರುಗುವುದು, ರಿಂಗು-ವಾಲ್ವು ಸವೆದು ಒತ್ತಡ ಸೋರುವುದು, ಇಂಜೆಕ್ಟರ್ ತೊಟ್ಟಿಕ್ಕುವುದು, ಡೀಸೆಲ್‌ನಲ್ಲಿ ನೀರು ಬೆರೆತಿರುವುದು ಇದಕ್ಕೆ ಕಾರಣ. ಫಿಲ್ಟರಿನ ತಳದಿಂದ ಸ್ವಲ್ಪ ಡೀಸೆಲ್ಲನ್ನು ಗಾಜಿನ ಶೀಸೆಗೆ ಇಳಿಸಿ ಕಾಲು ತಾಸು ಇಟ್ಟರೆ ನೀರು ಕೆಳಗೆ ನಿಲ್ಲುತ್ತದೆ.

ಕಪ್ಪು ಹೊಗೆ ಬಂದರೆ ಗಾಳಿ ಸಾಲದು. ಹೆಚ್ಚಾಗಿ ಏರ್ ಕ್ಲೀನರ್ ಕಟ್ಟಿರುತ್ತದೆ.

ಗಾಳಿ ತೆಗೆಯುವ ಕ್ರಮ

ಡೀಸೆಲ್ ಹಾದಿಯಲ್ಲಿ ಗಾಳಿ ಸೇರಿದರೆ ಪಂಪು ಒತ್ತಿದಾಗ ಗಾಳಿಯ ಗುಳ್ಳೆ ಕುಗ್ಗುತ್ತದೆಯೇ ಹೊರತು ಡೀಸೆಲ್ ಮುಂದೆ ಹೋಗುವುದಿಲ್ಲ. ಟ್ಯಾಂಕ್ ಬರಿದಾದ ಮೇಲೆ, ಫಿಲ್ಟರ್ ಬದಲಿಸಿದ ಮೇಲೆ ಗಾಳಿ ತೆಗೆಯಲೇಬೇಕು.

1. ಟ್ಯಾಂಕನ್ನು ಅರ್ಧದಷ್ಟಾದರೂ ತುಂಬಿ ನಳ ತೆರೆಯಿರಿ. ಫಿಲ್ಟರು, ಪಂಪುಗಳ ಹೊರಮೈ ಒರೆಸಿರಿ.

2. ಮೊದಲನೆಯ ಫಿಲ್ಟರಿನ ಮೇಲಿನ ಗಾಳಿ ತಿರುಪನ್ನು ಒಂದೆರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ ಕೈಸನ್ನೆ ಆಡಿಸಿರಿ. ಗುಳ್ಳೆ ನಿಂತು ಡೀಸೆಲ್ ಒಂದೇ ಧಾರೆಯಾಗಿ ಬರುತ್ತಿರುವಾಗಲೇ ತಿರುಪು ಬಿಗಿಯಿರಿ.

3. ಎರಡನೆಯ ಫಿಲ್ಟರ್, ಆ ಮೇಲೆ ಇಂಜೆಕ್ಷನ್ ಪಂಪಿನ ತಿರುಪಿಗೂ ಹೀಗೆಯೇ ಮಾಡಿರಿ.

4. ಇಂಜೆಕ್ಟರುಗಳ ಪೈಪಿನ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಎಕ್ಸಲೇಟರ್ ಪೂರ್ತಿ ಕೊಟ್ಟು ಸ್ಟಾರ್ಟರ್ ತಿರುಗಿಸಿರಿ. ಡೀಸೆಲ್ ಚಿಮ್ಮತೊಡಗಿದೊಡನೆ ನಿಲ್ಲಿಸಿ, ನಟ್ಟುಗಳನ್ನು ಬಿಗಿದು ಚಾಲೂ ಮಾಡಿರಿ.

ಕೈಸನ್ನೆ ಸಡಿಲವಾಗಿ ಆಡಿ ಡೀಸೆಲ್ ಎತ್ತದಿದ್ದರೆ ಫೀಡ್ ಪಂಪು ಕೆಟ್ಟಿತೆಂದು ಕೂಡಲೆ ತೀರ್ಮಾನಿಸಬಾರದು. ಒಳಗಿನ ಕ್ಯಾಮ್ ಎತ್ತಿದ ಸ್ಥಿತಿಯಲ್ಲಿ ನಿಂತಿರಬಹುದು. ಇಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಆಡಿಸಿ ನೋಡಿರಿ.

ಚಾಲೂ ಆಗಿ ನಡುವೆ ನಿಂತರೆ

ಅರ್ಧ ತಾಸು ನಡೆದು ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹತ್ತುತ್ತದೆ: ಟ್ಯಾಂಕಿನ ಮುಚ್ಚಳದ ಸಣ್ಣ ರಂಧ್ರ ಧೂಳಿನಿಂದ ಮುಚ್ಚಿದೆ. ಡೀಸೆಲ್ ಖರ್ಚಾದಂತೆ ಗಾಳಿ ಒಳಬಾರದೆ ಟ್ಯಾಂಕ್ ಹಿಡಿದು ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದಾಗ 'ಸುಸ್' ಎಂದು ಗಾಳಿ ಎಳೆದರೆ ದೋಷ ಇದೇ. ಮುಚ್ಚಳ ತೊಳೆದು ರಂಧ್ರ ಬಿಡಿಸಿರಿ. ಟ್ಯಾಂಕಿನ ತಳದ ಕಸ ನಳದ ಬಾಯಿಗೆ ಬಂದು ಕೂತರೂ ಹೀಗೆಯೇ ಆಗುತ್ತದೆ.

ಬರಿದೆ ಓಡುತ್ತದೆ, ನೇಗಿಲು ಊರಿದರೆ ನಿಲ್ಲುತ್ತದೆ: ಕಪ್ಪು ಹೊಗೆಯಿದ್ದರೆ ಏರ್ ಕ್ಲೀನರ್, ಹೊಗೆಯಿಲ್ಲದೆ ಬಲ ಕುಂದಿದರೆ ಡೀಸೆಲ್ ಫಿಲ್ಟರ್ ನೋಡಬೇಕು.

ಬೆಳಿಗ್ಗೆ ಹತ್ತುವುದಿಲ್ಲ, ಕೈಸನ್ನೆ ಆಡಿಸಿದರೆ ಹತ್ತುತ್ತದೆ: ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಯಾವುದೋ ಜೋಡಣೆ ಗಾಳಿ ಎಳೆದು, ರಾತ್ರಿ ಡೀಸೆಲ್ ಹಿಂದಕ್ಕೆ ಇಳಿಯುತ್ತಿದೆ. ಹೊರಗೆ ಹನಿ ಕಾಣದಿದ್ದರೂ ಇದು ಆಗಬಹುದು. ತಾಮ್ರದ ವಾಶರ್, ರಬ್ಬರ್ ಪೈಪು ಬದಲಿಸಿರಿ.

ತಣ್ಣಗಿದ್ದಾಗ ಹತ್ತುತ್ತದೆ, ಕಾದ ಮೇಲೆ ಹತ್ತುವುದಿಲ್ಲ: ರೋಟರಿ ಇಂಜೆಕ್ಷನ್ ಪಂಪು ಸವೆದಿರಬಹುದು. ಕಾದ ಡೀಸೆಲ್ ತೆಳುವಾಗಿ ಸವೆದ ಸಂದಿಯಲ್ಲಿ ಸೋರುತ್ತದೆ. ಇಂಜಿನ್ ನಿಲ್ಲಿಸಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದಾಗ ಹತ್ತಿದರೆ ಅನುಮಾನ ದೃಢವಾಗುತ್ತದೆ. ಇದನ್ನು ಪಂಪು ಪರೀಕ್ಷಿಸುವ ಯಂತ್ರವುಳ್ಳ ಕೇಂದ್ರದಲ್ಲಿಯೇ ರಿಪೇರಿ ಮಾಡಿಸಬೇಕು.

ಜೀವಕ್ಕೆ ಅಪಾಯವಾದ ರೂಢಿಗಳು

1. ಸ್ಟಾರ್ಟರಿನ ಎರಡು ತುದಿಗಳನ್ನು ಸ್ಕ್ರೂಡ್ರೈವರಿನಿಂದ ಕೂಡಿಸಿ ಚಾಲೂ ಮಾಡುವುದು. ನೆಲದ ಮೇಲೆ ಗಾಲಿಯ ಮುಂದೆ ನಿಂತು ಹೀಗೆ ಮಾಡಿದಾಗ ಗೇರ್ ಬಿದ್ದಿದ್ದರೆ ಟ್ರ್ಯಾಕ್ಟರ್ ಮೈಮೇಲೆ ಹಾಯುತ್ತದೆ. ಚಾಲೂ ಮಾಡುವವರು ಸೀಟಿನಲ್ಲಿಯೇ ಕೂತಿರಬೇಕು.

2. ಇಂಜೆಕ್ಟರ್ ಪೈಪಿನ ಸೋರಿಕೆಯನ್ನು ಕೈಯಿಟ್ಟು ನೋಡುವುದು. ಈ ಒತ್ತಡದ ಧಾರೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿಮೊನೆಯಷ್ಟು ಕಂಡರೂ ಕೂಡಲೆ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳು, ಕೈ ಕಳೆದುಕೊಳ್ಳುವ ಸಂಭವವಿದೆ. ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿಯಿರಿ.

3. ಗಾಳಿ ಎಳೆಯುವ ಬಾಯಿಗೆ ಪೆಟ್ರೋಲ್ ಸುರಿಯುವುದು. ಬೆಂಕಿ ಹತ್ತಬಹುದು, ರಿಂಗು-ಪಿಸ್ಟನ್ ಒಡೆಯಬಹುದು.

4. ಸ್ಟಾರ್ಟರನ್ನು ಬಿಡದೆ ಒತ್ತುವುದು. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಒತ್ತಬಾರದು. ನಡುವೆ ಒಂದು ನಿಮಿಷ ಬಿಡಬೇಕು.

ಮಿರಗ ಮಳೆಗೆ ಮುಂಚೆ

ಮೇ ತಿಂಗಳ ಕೊನೆಯೊಳಗೆ ಟ್ಯಾಂಕ್ ತೊಳೆದು, ಎರಡೂ ಡೀಸೆಲ್ ಫಿಲ್ಟರ್ ಬದಲಿಸಿ, ಬ್ಯಾಟರಿ ತೋರಿಸಿಕೊಳ್ಳಬೇಕು. ಡಬ್ಬಿಯಲ್ಲಿ ತಂದ ಡೀಸೆಲ್ಲನ್ನು ಒಂದು ರಾತ್ರಿ ತಂಗಲು ಬಿಟ್ಟು, ಮೇಲಿನದನ್ನು ಸಣ್ಣ ಜಾಲರಿಯಲ್ಲಿ ಸೋಸಿ ಹಾಕಬೇಕು. ತಳದ ನಾಲ್ಕು ಬೆರಳು ಬಿಡಬೇಕು. ಟ್ಯಾಂಕನ್ನು ಸಂಜೆಯೇ ತುಂಬಿದರೆ ಖಾಲಿ ಜಾಗದಲ್ಲಿ ತೇವ ಕಟ್ಟಿ ನೀರಾಗುವುದು ತಪ್ಪುತ್ತದೆ. ಎಣ್ಣೆ ಬಟ್ಟಲಿನ ಏರ್ ಕ್ಲೀನರನ್ನು ಎರೆ ಧೂಳಿನಲ್ಲಿ ದುಡಿಯುವಾಗ ದಿನಾ ನೋಡಿ, ಗುರುತಿನವರೆಗೆ ಶುದ್ಧ ಎಣ್ಣೆ ಇರಿಸಬೇಕು. ಕೆಸರು ಗದ್ದೆಯಿಂದ ಬಂದ ದಿನ ಸ್ಟಾರ್ಟರ್, ಡೈನಮೋ ಸುತ್ತಲಿನ ರಾಡಿ ಒರೆಸಬೇಕು.

ಮನೆಯಲ್ಲಿ ಒಂದು ಫಿಲ್ಟರ್ ಜೋಡಿ, ಒಂದು ಹಿಡಿ ತಾಮ್ರದ ವಾಶರ್, ಅಳತೆಗೆ ತಕ್ಕ ಪಾನಾಗಳು ಇರಲಿ. ದೋಷ ಕಂಡ ದಿನ, ಹೊಗೆಯ ಬಣ್ಣ, ಮಾಡಿದ ಉಪಾಯ ಇವನ್ನು ವಹಿಯಲ್ಲಿ ಬರೆದಿಟ್ಟರೆ ಮೆಕ್ಯಾನಿಕ್‌ಗೂ ಕೆಲಸ ಸುಲಭವಾಗುತ್ತದೆ. ಹದ ಬಂದ ದಿನ ಯಂತ್ರ ಹೊಲದಲ್ಲಿರಬೇಕಾದರೆ ಇಷ್ಟು ಸಿದ್ಧತೆ ಅಗತ್ಯ.