ಅರಿವೆ ಕೊಳ್ಳುವ ಅರಿವು



‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಅಂಗಿಯ ಬಣ್ಣವನ್ನು ನೋಡಿದವರು ಮೆಚ್ಚಬಹುದು. ಆದರೆ ಅದನ್ನು ಮುಂಜಾನೆಯಿಂದ ಸಂಜೆಯವರೆಗೆ ತೊಟ್ಟುಕೊಂಡಿರಬೇಕಾದವರು ನೀವು. ಆದ್ದರಿಂದ ಬಣ್ಣ, ಬೆಲೆಗಳ ಜೊತೆಗೆ ಅಳತೆಯನ್ನೂ ಪರೀಕ್ಷಿಸಿಯೇ ಅರಿವೆ ಕೊಳ್ಳಬೇಕು.

ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನ ಅಕ್ಕಲಕೋಟ, ಸೊಲ್ಲಾಪುರಗಳ ಅಂಗಡಿಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತೊಂದಿದೆ: ‘ಬೆಳೆಯುವ ಹುಡುಗ, ಎರಡು ನಂಬರು ದೊಡ್ಡದೇ ಇರಲಿ.’ ಪಾಲಕರ ಈ ಲೆಕ್ಕವನ್ನು ಹಗುರಾಗಿ ಕಾಣುವಂತಿಲ್ಲ. ಅವರ ದುಡ್ಡು ಬೆವರಿನಿಂದ ಬಂದದ್ದು. ಆದರೆ ತೋಳು ಬೆರಳನ್ನು ಮುಚ್ಚುವ ಅಂಗಿಯಲ್ಲಿ ಮಗು ಸರಾಗವಾಗಿ ಬರೆಯಲಾರದು. ಆಟದ ಬಯಲಿನಲ್ಲಿ ನಿಲ್ಲಲು ನಾಚುತ್ತದೆ. ಆ ಅಂಗಿ ಮೈಗೆ ಕೂಡುವ ಹೊತ್ತಿಗೆ ಕೊರಳಪಟ್ಟಿ ಸವೆದಿರುತ್ತದೆ. ಹಾಗಾದರೆ ಉಳಿತಾಯವಾದದ್ದೇನು? ಕೆಳಗಿನ ಸಂಗತಿಗಳನ್ನು ಲಕ್ಷ್ಯದಲ್ಲಿಡಿರಿ.

1. ನಂಬರನ್ನೇ ನಂಬಬೇಡಿರಿ. ಸಿದ್ಧ ಉಡುಪಿನ ಮೇಲೆ ‘40’ ಎಂದಿದ್ದರೆ ಅದು ಕೆಲವು ಕಡೆ ಎದೆಯ ಸುತ್ತಳತೆಯ ಇಂಚು. ಗಂಡಸರ ಕೆಲವು ಅಂಗಿಗಳಲ್ಲಿ ಕೊರಳಪಟ್ಟಿಯ ಸೆಂಟಿಮೀಟರು. ಒಂದು ಇಂಚಿಗೆ 2.54 ಸೆಂ.ಮೀ. ಆದ್ದರಿಂದ 40 ಇಂಚೆಂದರೆ 101.6 ಸೆಂ.ಮೀ. ಅಂಕಿ ಒಂದೇ, ಅರ್ಥ ಬೇರೆ. ಎದೆ, ನಡು, ಹೆಗಲುಗಳ ಅಳತೆಯನ್ನು ಮನೆಯಲ್ಲೇ ಟೇಪಿನಿಂದ ತೆಗೆದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.

2. ಮೊದಲು ಹೆಗಲನ್ನು ನೋಡಿರಿ. ಅಂಗಿಯ ಹೆಗಲಿನ ಹೊಲಿಗೆ ಹೆಗಲಿನ ಎಲುಬು ಮುಗಿಯುವಲ್ಲಿ ಕೂಡ್ರಬೇಕು. ಉದ್ದವನ್ನು ಮಡಚಬಹುದು, ಮಗ್ಗುಲನ್ನು ಹಿಡಿಯಬಹುದು. ಹೆಗಲನ್ನು ಸರಿಪಡಿಸಲು ತೋಳನ್ನೇ ಬಿಚ್ಚಬೇಕಾಗುತ್ತದೆ. ಅದಕ್ಕೆ ಕೂಲಿಯೂ ಹೆಚ್ಚು.

3. ಒಳಗನ್ನು ತಿರುವಿ ನೋಡಿರಿ. ಬೆಳೆಯುವ ಮಕ್ಕಳಿಗೆ ಬೇಕಾದುದು ದೊಡ್ಡ ಹೆಗಲಲ್ಲ, ಒಳಗೆ ಬಿಟ್ಟ ಅರಿವೆ. ಚೊಣ್ಣ, ಪ್ಯಾಂಟು, ಲಂಗಗಳ ಅಂಚಿನಲ್ಲಿ ನಾಲ್ಕೈದು ಸೆಂ.ಮೀ. ಮಡಿಕೆ ಇದ್ದರೆ ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು. ಹಳೆಯ ಮಡಿಕೆಯ ಗೆರೆ ತುಸು ಕಂಡೀತು. ಅದರಿಂದ ಮಾನವೇನೂ ಹೋಗದು.

4. ನೀರಿನ ಲೆಕ್ಕ ಹಾಕಿರಿ. ನೂಲುವಾಗ, ನೇಯುವಾಗ ಹತ್ತಿಯ ಎಳೆಗಳನ್ನು ಬಿಗಿಯಾಗಿ ಎಳೆದಿರುತ್ತಾರೆ. ನೀರಿನಲ್ಲಿ ಎಳೆ ಉಬ್ಬಿ ಆ ಬಿಗಿ ಸಡಿಲಾದಾಗ ಅರಿವೆ ಕುಗ್ಗುತ್ತದೆ, ಸಾಮಾನ್ಯವಾಗಿ ಉದ್ದದಲ್ಲಿ ಹೆಚ್ಚು. 70 ಸೆಂ.ಮೀ. ಉದ್ದದ ಅಂಗಿ ನೂರಕ್ಕೆ ಐದರಂತೆ ಕುಗ್ಗಿದರೆ ಉಳಿಯುವುದು 66.5 ಸೆಂ.ಮೀ. ಅರಿವೆಯನ್ನು ಯಂತ್ರದಲ್ಲಿ ಮೊದಲೇ ಕುಗ್ಗಿಸುವ ವಿಧಾನಕ್ಕೆ ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಪೇಟೆಂಟ್ ಪಡೆದರು. ‘ಸ್ಯಾನ್‌ಫರೈಸ್ಡ್’ ಎಂಬ ಮುದ್ರೆ ಅವರ ಹೆಸರಿನಿಂದಲೇ ಬಂದದ್ದು. ಅಂಥ ಮುದ್ರೆಯಿಲ್ಲದ ಹತ್ತಿಯ ಅರಿವೆಯನ್ನು ಹೊಲಿಸುವ ಮೊದಲು ಒಮ್ಮೆ ನೆನೆಸಿ ಒಣಗಿಸಿರಿ.

5. ತೊಟ್ಟು ನೋಡಿರಿ. ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಸಾಲದು. ಎರಡೂ ಕೈ ಮೇಲೆತ್ತಿರಿ, ಬಗ್ಗಿರಿ, ಚಕ್ಕಳಮಕ್ಕಳ ಹಾಕಿ ಕೂಡ್ರಿರಿ. ಕಂಕುಳು ಹಿಡಿಯಬಾರದು, ಗುಂಡಿಗಳ ನಡುವೆ ಬಾಯಿ ಬಿಡಬಾರದು. ಗುಂಡಿ ಹಾಕಿದ ಮೇಲೆ ಕೊರಳಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು. ಅಂಗಡಿಯವರು ‘ತೊಳೆದರೆ ಸರಿಹೋಗುತ್ತದೆ’ ಎಂದರೆ ಬೇರೆಯದನ್ನು ಕೇಳಿರಿ. ಬೇಡವೆನ್ನುವುದು ಅಗೌರವವಲ್ಲ, ಅದನ್ನು ನಮ್ರತೆಯಿಂದ ಹೇಳಿದರಾಯಿತು.

ಅಕ್ಕನ ಲಂಗ ತಂಗಿಗೆ, ಅಣ್ಣನ ಅಂಗಿ ತಮ್ಮನಿಗೆ ಬರುವುದು ನಮ್ಮ ಮನೆಗಳ ರೂಢಿ. ಅದರಲ್ಲಿ ಕೀಳೇನೂ ಇಲ್ಲ. ಆದರೆ ಹಾಗೆಯೇ ತೊಡಿಸದೆ ಸಿಂಪಿಗರಲ್ಲಿ ಒಯ್ದು ಮೈಗೆ ಸರಿಮಾಡಿಸಿರಿ. ಮರಾಠಿಯ ‘ಶಿಂಪಿ’, ಕನ್ನಡದ ‘ಸಿಂಪಿಗ’ ಎರಡೂ ಒಬ್ಬರನ್ನೇ ಸೂಚಿಸುವ ಮಾತುಗಳು. ಅವರ ಕತ್ತರಿಗೆ ಸಲ್ಲುವ ಸ್ವಲ್ಪ ಕೂಲಿಯಿಂದ ಹಳೆಯ ಅಂಗಿ ಇನ್ನೊಂದು ವರ್ಷ ಬಾಳುತ್ತದೆ.

ಪಾಲಕರಲ್ಲಿ ಒಂದು ವಿನಂತಿ: ಅರಿವೆ ಕೊಳ್ಳುವಾಗ ಮಗುವನ್ನು ಸಂಗಡ ಕರೆದೊಯ್ಯಿರಿ. ‘ಎಲ್ಲಿ ಹಿಡಿಯುತ್ತದೆ?’ ಎಂದು ಅದನ್ನೇ ಕೇಳಿರಿ. ಬದಲಾಯಿಸಿ ಕೊಡುತ್ತಾರೆಯೇ ಎಂಬುದನ್ನು ದುಡ್ಡು ಕೊಡುವ ಮೊದಲೇ ವಿಚಾರಿಸಿ ರಸೀದಿ ಪಡೆಯಿರಿ.

ಅಭ್ಯಾಸ

ಅ) ಮನೆಮಂದಿಯ ಎದೆ, ನಡು, ಹೆಗಲುಗಳ ಅಳತೆಯನ್ನು ಇಂಚಿನಲ್ಲಿ ತೆಗೆದು ಸೆಂಟಿಮೀಟರಿಗೆ ಪರಿವರ್ತಿಸಿರಿ.

ಆ) ಹೊಸ ಅಂಗಿಯೊಂದರ ಉದ್ದವನ್ನು ತೊಳೆಯುವ ಮೊದಲು ಹಾಗೂ ಒಣಗಿದ ನಂತರ ಅಳೆಯಿರಿ. ಶೇಕಡಾ ಎಷ್ಟು ಕುಗ್ಗಿತು?