ದೂರವಾಣಿಯಲ್ಲಿ ಆರೋಗ್ಯದ ದಾಖಲೆ

ಹಾಲಾಡಿಯ ದಂಪತಿಗಳೇ,

ಇಲ್ಲಿ ತಪಾಸಣೆಯಾದ ಗರ್ಭಿಣಿಯು ಸೀಮಂತದ ಬಳಿಕ ಘಟ್ಟದ ಮೇಲಿನ ತವರಿಗೆ ತೆರಳುವುದುಂಟು. ಆಕೆಯ ರಕ್ತದೊತ್ತಡ, ರಕ್ತಹೀನತೆಗಳ ಹಿಂದಿನ ವಿವರವು ಅಲ್ಲಿನ ವೈದ್ಯರಿಗೆ ತಿಳಿಯದಿದ್ದಲ್ಲಿ ಅಪಾಯವಾದೀತು. 2021ರಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಗಳ ‘ಆಭಾ’ ಸಂಖ್ಯೆಯನ್ನು ನೀಡುತ್ತದೆ. ಇದಕ್ಕೆ ಜೋಡಿಸಿದ ದಾಖಲೆಗಳನ್ನು, ನೀವು ಒಪ್ಪಿದಲ್ಲಿ, ಈ ವ್ಯವಸ್ಥೆಗೆ ಸೇರಿದ ಬೇರೆ ಆಸ್ಪತ್ರೆಯ ವೈದ್ಯರೂ ನೋಡಬಹುದು. ‘ಇ-ಸಂಜೀವನಿ’ಯ ಮೂಲಕ ದೂರದ ವೈದ್ಯರ ಸಲಹೆಯನ್ನೂ ಪಡೆಯಬಹುದು. ಮುಂದೆ ಇಂತಹ ಸೌಕರ್ಯಗಳು ಇನ್ನೂ ಹೆಚ್ಚಲಿವೆ.

ಆದರೆ ಮಳೆಗಾಲದಲ್ಲಿ ಸಂಪರ್ಕವು ತಪ್ಪೀತು. ಆದುದರಿಂದ ತಾಯಿ ಕಾರ್ಡನ್ನೂ ಜೊತೆಯಲ್ಲಿರಿಸಿಕೊಳ್ಳಿ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ರಕ್ತಸ್ರಾವ ಇವು ಅಪಾಯದ ಲಕ್ಷಣಗಳು. ಪತಿಯೂ ಇವನ್ನು ಅರಿತಿರಬೇಕು. ಕಂಡುಬಂದೊಡನೆ ವಿಡಿಯೊ ಸಲಹೆಗಾಗಿ ಕಾಯದೆ 108ಕ್ಕೆ ಕರೆಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ.