ಫಂಡಿಂಗ್‌ಗೆ ಮೊದಲು ಗಿರಾಕಿ, ಗಿರಾಕಿಗೂ ಮೊದಲು ಕಾಗದ

ವಿರೂಪಾಪುರಗಡ್ಡೆಯಲ್ಲಿ ಗಿರಾಕಿಗಳಿಗೆ ಬರವಿರಲಿಲ್ಲ. ಹಂಪಿಯಿಂದ ಹೊಳೆ ದಾಟಿ ಬಂದ ವಿದೇಶಿಯರು ವಾರಗಟ್ಟಲೆ ತಂಗುತ್ತಿದ್ದರು, ರೊಕ್ಕವೂ ಓಡಾಡುತ್ತಿತ್ತು. ಆದರೆ 1988ರ ಅಧಿಸೂಚನೆಯಿಂದಲೇ ಆ ನೆಲ ಸಂರಕ್ಷಿತ ಪ್ರದೇಶಕ್ಕೆ ಸೇರಿತ್ತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಅಲ್ಲಿನ ಕಟ್ಟಡಗಳ ತೆರವಿನ ಪರವಾಗಿದ್ದ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ರೆಸಾರ್ಟ್‌ಗಳು ನೆಲಸಮವಾದವು. ಸಾಲ ತೆಗೆದು ಕೋಣೆ ಕಟ್ಟಿಸಿದ್ದವರನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಆನೆಗೊಂದಿ, ಸಾಣಾಪುರ, ಗಂಗಾವತಿ ಕಡೆಯ ಹುಡುಗರು ‘ಅಕ್ಕಾರ, ಸ್ಟಾರ್ಟ್‌ಅಪ್ ಮಾಡೇವ್ರಿ, ಫಂಡಿಂಗ್ ಹೆಂಗ ತರೋದು?’ ಎಂದು ಬಂದರೆ ನಾನು ಮೊದಲು ಕೇಳುವುದು ಜಾಗದ ಕಾಗದ. ಪಹಣಿ ಯಾರ ಹೆಸರಿಗಿದೆ? ಬಾಡಿಗೆ ಕರಾರು ಆಗಿದೆಯೇ? ಹಂಪಿ ಪ್ರಾಧಿಕಾರದ ವ್ಯಾಪ್ತಿಯೊಳಗಿದ್ದರೆ ಅನುಮತಿ ಎಲ್ಲಿ? ಬ್ಯಾಂಕಿನವರು ಇದನ್ನೇ ಕೇಳುತ್ತಾರೆ, ಹೂಡಿಕೆದಾರರ ವಕೀಲರೂ ಇದನ್ನೇ ಕೇಳುತ್ತಾರೆ.

ಆಮೇಲೆ ಲೆಕ್ಕದ ವಹಿ. ಬಾಳೆನಾರಿನ ಚೀಲ ಮಾಡುವ ಅಕ್ಕತಂಗಿಯರಿಬ್ಬರು ಬಂದಿದ್ದರು. ಚೀಲದ ದರ 400 ರೂಪಾಯಿ. ನಾರು, ಬಣ್ಣಕ್ಕೆ 120, ಹೆಣೆಯುವವರ ಕೂಲಿ 150, ಅಸ್ತರು, ಜಿಪ್ಪು, ಸಾಗಣೆ ಸೇರಿ 40. ‘ತೊಂಬತ್ತು ಉಳೀತೈತ್ರಿ’ ಎಂದರು. ಆದರೆ ಚೀಲಗಳೆಲ್ಲ ಮಾರಾಟವಾಗುತ್ತಿದ್ದುದು ಪೇಟೆಯ ಒಂದು ಅಂಗಡಿಯಲ್ಲಿ. ಆ ಅಂಗಡಿಯ ಕಮಿಷನ್ ನೂರಕ್ಕೆ 30, ಅಂದರೆ 120 ರೂಪಾಯಿ. ಪ್ರತಿ ಚೀಲಕ್ಕೂ 30 ರೂಪಾಯಿ ಕೈಯಿಂದಲೇ ಹೋಗುತ್ತಿತ್ತು. ಇಬ್ಬರೂ ತಮ್ಮ ದುಡಿಮೆಗೆ ಒಂದು ಪೈಸೆಯನ್ನೂ ಹಿಡಿದಿರಲಿಲ್ಲ. ಈ ಸ್ಥಿತಿಯಲ್ಲಿ ಬಂಡವಾಳ ಬಂದಿದ್ದರೆ ನಷ್ಟವೇ ದೊಡ್ಡದಾಗುತ್ತಿತ್ತು.

ಸಾಣಾಪುರದ ಕಡೆಯ ಹೋಮ್‌ಸ್ಟೇಗಳಿಗೆ ನೇರವಾಗಿ ಹೋಗಿ ಎಂದೆ. ಒಬ್ಬ ಮಾಲೀಕರು ಕೋಣೆಗೊಂದರಂತೆ 450ರ ದರದಲ್ಲಿ ಚೀಲ ಹೇಳಿದರು, ಅರ್ಧ ಮುಂಗಡ ಕೊಟ್ಟರು, ಮುಂದಿನ ಸೀಜನ್‌ಗೆ ಮತ್ತೆ ತರಿಸಿಕೊಂಡರು. ನೆಂಟರು ಪ್ರೀತಿಗೆ ಕೊಂಡದ್ದನ್ನು ನಾನು ವ್ಯಾಪಾರದ ಲೆಕ್ಕಕ್ಕೆ ಸೇರಿಸುವುದಿಲ್ಲ. ಪರಿಚಯವಿಲ್ಲದವರು ಎರಡನೇ ಸಲ ರೊಕ್ಕ ಕೊಟ್ಟರೆ ಅದೇ ನನಗೆ ಪುರಾವೆ.

ಮುಂಗಡ ಸಿಗದೆ ಉದ್ರಿ ಕೊಡಲೇಬೇಕಾದರೆ ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಮಾಡಿಸಿರಬೇಕು, ಬಿಲ್ಲಿನ ಮೇಲೆ ಆ ಸಂಖ್ಯೆ ಇರಬೇಕು. ಸಣ್ಣ ಉತ್ಪಾದಕರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ, ತಡವಾದರೆ ಬಡ್ಡಿಯೂ ಸೇರುತ್ತದೆ. ನಮ್ಮ ಭಾಗದಲ್ಲಿ ಇದನ್ನು ಬಳಸಿಕೊಳ್ಳುವವರು ತೀರಾ ಕಡಿಮೆ.

ಯಾವ ಹಣ ಯಾರಿಗೆ ಎಂಬುದನ್ನೂ ನೋಡಬೇಕು. ಹೊಸ ತಂತ್ರಜ್ಞಾನವಿದ್ದವರಿಗೆ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ 50 ಲಕ್ಷದವರೆಗೆ ಅನುದಾನ ಕೊಡುತ್ತದೆ, ಪಾಲು ಕೇಳುವುದಿಲ್ಲ. ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ನೂರಕ್ಕೆ 35ರಷ್ಟು ಸಹಾಯಧನವಿದೆ, ಆದರೆ ಅದು ಹೊಸ ಘಟಕಕ್ಕೆ ಮಾತ್ರ. ಕೆಲಸ ಶುರುಮಾಡಿಬಿಟ್ಟಿದ್ದ ಈ ಅಕ್ಕತಂಗಿಯರಿಗೆ ಹೊಂದುತ್ತಿದ್ದುದು ಮುದ್ರಾ ಸಾಲ: ಕಿಶೋರ ವಿಭಾಗದಲ್ಲಿ 5 ಲಕ್ಷದವರೆಗೆ, ಅಡಮಾನವಿಲ್ಲದೆ.

ಇದೇ ಹೊತ್ತಿಗೆ ಅವರ ಸಂಬಂಧಿಕರೊಬ್ಬರು 3 ಲಕ್ಷ ಕೊಡುತ್ತೇನೆ, ಅರ್ಧ ಪಾಲು ಬರೆದುಕೊಡಿ ಎಂದರು. ಬೇಡವೇ ಬೇಡ ಎಂದೆ. ಸಾಲ ತೀರುತ್ತದೆ, ಬರೆದುಕೊಟ್ಟ ಪಾಲು ವಾಪಸ್ ಬರುವುದಿಲ್ಲ. ಹೋಮ್‌ಸ್ಟೇಯ ಎರಡೂ ಬಿಲ್ಲು, ಮುಂಗಡ ಜಮೆಯಾದ ಪಾಸ್‌ಬುಕ್ ಪುಟ, ಬಾಡಿಗೆ ಕರಾರು ಲಗತ್ತಿಸಿ ಅವರು ಬ್ಯಾಂಕಿಗೆ ಅರ್ಜಿ ಕೊಟ್ಟಿದ್ದಾರೆ.